ಚಿಟಿಕೆಯಷ್ಟೇ ಹಾಕಿದ್ದು

ನನಗೆ ಕ್ಯಾನ್ಸರ್ ಬಂದ ಮೇಲೆ ಗೊತ್ತಾದ ಮೊದಲ ಸಂಗತಿ, ನಮ್ಮ ಊರಿನಲ್ಲಿ ಡಾಕ್ಟರಲ್ಲದವರು ಒಬ್ಬರೂ ಇಲ್ಲ ಎಂಬುದು. ಹಾಲಿನವನು ಡಾಕ್ಟರು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವಳು ಡಾಕ್ಟರು. ಮನೆಗೆ ಬಣ್ಣ ಬಳಿಯಲು ಬಂದವನು ಏಣಿಯ ಮೇಲಿಂದಲೇ ನನ್ನ ತೊಡೆಯ ಗಡ್ಡೆಗೆ ಮದ್ದು ಹೇಳಿ, ಕೆಳಗಿಳಿದು ಟೀ ಕುಡಿದು ಹೋದ. ಸಕ್ಕರೆ ಬಿಡಿ ಅಂದರು, ಹುಳಿ ಬಿಡಿ ಅಂದರು, ಹಾಲು ಬಿಡಿ ಅಂದರು, ಕೊನೆಗೆ ಚಿಂತೆ ಬಿಡಿ ಅಂದರು. ಚಿಂತೆ ಬಿಡಿ ಎನ್ನುವವರ ಮುಖ ನೋಡಿದರೆ ಸಾಕು, ಇಲ್ಲದ ಚಿಂತೆಯೆಲ್ಲ ಓಡಿ ಬರುತ್ತಿತ್ತು.

ನಿಜವಾದ ಡಾಕ್ಟರುಗಳು ಮಾತ್ರ ಕಡಿಮೆ ಮಾತಾಡಿದರು. ಕೊಯ್ದರು, ಕಿರಣ ಹಾಯಿಸಿದರು, ಕೂದಲು ಉದುರುವ ಔಷಧಿ ಕೊಟ್ಟರು. ಗಡ್ಡೆ ಒಂದಷ್ಟು ಕಾಲ ತವರಿಗೆ ಹೋದವಳ ಹಾಗೆ ಹೋಗಿ, ತಿರುಗಿ ಬಂದು ಅದೇ ಬಲತೊಡೆಯಲ್ಲಿ ಕೂತಿತು. "ಇನ್ನು ನಮ್ಮ ಹತ್ರ ಹೆಚ್ಚೇನೂ ಇಲ್ಲ" ಎಂದು ದೊಡ್ಡ ಡಾಕ್ಟರು ಕಿಟಕಿಯ ಕಡೆ ನೋಡಿಕೊಂಡು ಹೇಳಿದರು. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ, ಒಂದು ನೀರಿನ ಟ್ಯಾಂಕು. ಆಮೇಲೆ, ಹೊರಟವರಿಗೆ ಬಾಗಿಲಲ್ಲಿ ಹೇಳುವ ಮಾತಿನಂತೆ, ಕೆಳಗಿನ ಮಹಡಿಯಲ್ಲಿ ಒಬ್ಬಳು ಹುಡುಗಿ ಏನೋ ಹೊಸ ಪ್ರಯೋಗ ಶುರು ಮಾಡುತ್ತಿದ್ದಾಳೆ, ಬೇಕಾದರೆ ಕೇಳಿ ನೋಡಿ, ಎಂದರು.

ಆ ಹುಡುಗಿಯೇ ನಮ್ಮ ಡಾಕ್ಟರಮ್ಮ. ಅವಳ ಕೋಣೆಯಲ್ಲಿ ಎರಡು ಕುರ್ಚಿ, ಒಂದರ ಮೇಲೆ ಪೆಟ್ಟಿಗೆಗಳು. ಪೆಟ್ಟಿಗೆಗಳನ್ನು ನೆಲಕ್ಕಿಟ್ಟು ನನ್ನನ್ನು ಕೂರಿಸಿದಳು. ಮಣ್ಣಿನಲ್ಲಿ ಬದುಕುವ ಒಂದು ಸೂಕ್ಷ್ಮಾಣು ಇದೆಯಂತೆ. ಅದರ ವಿಷ ತೆಗೆದು, ಜೀವ ಮಾತ್ರ ಉಳಿಸಿ, ಸೂಜಿಯಲ್ಲಿ ನೇರವಾಗಿ ಗಡ್ಡೆಯೊಳಕ್ಕೆ ಬಿಡುತ್ತಾರಂತೆ.

"ಮನೆಯೊಳಗೆ ಕಳ್ಳ ಕೂತಿದಾನೆ, ಕಾವಲುಗಾರ ಗೊರಕೆ ಹೊಡೀತಿದಾನೆ ಅಂದ್ಕೊಳ್ಳಿ," ಎಂದಳು. "ನಾವು ಹೋಗಿ ಕಳ್ಳನ ಪಕ್ಕದಲ್ಲೇ ನಿಂತು ತಟ್ಟೆ ಬಡೀತೀವಿ. ಕಾವಲುಗಾರ ಎದ್ದು ಬಂದ್ರೆ ಕಳ್ಳನೂ ಕಣ್ಣಿಗೆ ಬೀಳಬಹುದು."

"ಎದ್ದವನು ನಮಗೇ ಎರಡು ಬಿಟ್ರೆ?"

"ಅದೂ ಆಗಬಹುದು. ಜ್ವರ ಅಂತೂ ಬರುತ್ತೆ."

"ವಾಸಿ ಆಗುತ್ತಾ?"

"ಗೊತ್ತಿಲ್ಲ."

"ಗೊತ್ತಿಲ್ದೆ ಯಾಕಮ್ಮ ಮಾಡ್ತಿದೀರಿ?"

"ಗೊತ್ತಿಲ್ಲ, ಅದಕ್ಕೇ."

ಇಷ್ಟು ದಿನದಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ನನ್ನ ಕಣ್ಣು ನೋಡಿಕೊಂಡು ಹೇಳಿದವಳು ಇವಳೊಬ್ಬಳೇ. ನಮ್ಮದು ತಕ್ಕಡಿ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ತರಕಾರಿಯವರ ದೊಡ್ಡ ತಕ್ಕಡಿಯಿಂದ ಹಿಡಿದು ಚಿನ್ನ ತೂಗುವ, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯವರೆಗೆ ಎಲ್ಲವೂ ನಮ್ಮ ಮೇಜಿಗೆ ಬರುತ್ತವೆ. ತಕ್ಕಡಿಯ ದಂಡ, ಮುಳ್ಳು ನನ್ನ ಗಂಡನ ಕೆಲಸ; ತೂಕದ ಬಟ್ಟುಗಳನ್ನು ಉಜ್ಜಿ, ತಳಕ್ಕೆ ಸೀಸ ತುಂಬಿ ಸರಿ ಮಾಡುವುದು ನನ್ನದು. ನಮ್ಮ ತಕ್ಕಡಿ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದು ಬಾಗಿಲಲ್ಲೇ ಆಣೆ ಮಾಡುವ ಗಿರಾಕಿಯ ತಕ್ಕಡಿಯನ್ನೇ ನಾವು ಮೊದಲು ಬಿಚ್ಚುವುದು. ಹಾಗಾಗಿ ಆ ಹುಡುಗಿಯ 'ಗೊತ್ತಿಲ್ಲ' ನನಗೆ ಹಿಡಿಸಿತು. ಸೇರುತ್ತೇನೆ ಎಂದೆ.

ಸುದ್ದಿ ಊರಲ್ಲಿ ಹರಡಿತು, ಹರಡುತ್ತ ಮೈಕೈ ತುಂಬಿಕೊಂಡಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ರೋಗದ ಕ್ರಿಮಿ ಸಾಕುತ್ತಿದ್ದಾರಂತೆ, ದಿಕ್ಕಿಲ್ಲದವರ ಮೈಗೆ ಚುಚ್ಚುತ್ತಾರಂತೆ, ಉಳಿದದ್ದನ್ನು ಚರಂಡಿಗೆ ಬಿಡುತ್ತಾರಂತೆ. ಆಸ್ಪತ್ರೆಯವರು ಹೆದರಿ ಸಾರ್ವಜನಿಕ ಸಭೆ ಕರೆದರು. ಉಪನ್ಯಾಸದ ಸಭಾಂಗಣ ತುಂಬಿ, ಜನ ಮೆಟ್ಟಿಲ ಮೇಲೆಲ್ಲ ಕೂತರು. ಡಾಕ್ಟರಮ್ಮ ಚಿತ್ರ ತೋರಿಸಿದಳು. ಪರದೆ ಅರ್ಧಕ್ಕೆ ಸಿಕ್ಕಿಕೊಂಡಿದ್ದರಿಂದ ಗಡ್ಡೆಯ ಕೆಳಭಾಗ ಗೋಡೆಯ ಸ್ವಿಚ್ಚುಗಳ ಮೇಲೆ ಬಿದ್ದಿತ್ತು.

ಮೊದಲು ಎದ್ದವನು ವ್ಯಾಯಾಮಶಾಲೆಯ ಮಾಲೀಕ. ಊರಿನ ಹುಡುಗರಿಗೆಲ್ಲ ಯಾರೂ ಓದಲಾಗದ ಚೀಟಿ ಅಂಟಿಸಿದ ಡಬ್ಬಿಗಳಿಂದ ಪುಡಿ ಕಲಸಿ ಕುಡಿಸುವ ಮನುಷ್ಯ. "ನಮ್ಮ ಜನರನ್ನ ಪ್ರಯೋಗದ ಇಲಿ ಮಾಡೋಕೆ ಬಿಡಲ್ಲ!" ಎಂದು ಗುಡುಗಿದ. ಚಪ್ಪಾಳೆ ಬಿತ್ತು. ಆಮೇಲೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಕನ್ನಡಕ ಒರೆಸಿಕೊಂಡು, "ಗ್ಯಾರಂಟಿ ಎಷ್ಟು?" ಎಂದರು. ಗ್ಯಾರಂಟಿ ಇಲ್ಲ ಎಂದಳು ಡಾಕ್ಟರಮ್ಮ. ಸಭೆಗೆ ಸಭೆಯೇ ನಕ್ಕಿತು. ಗ್ಯಾರಂಟಿ ಇಲ್ಲದ್ದನ್ನು ಇಲ್ಲ ಎಂದು ಹೇಳುವ ಪೆದ್ದಿಯನ್ನು ಅವರು ಈ ಮೊದಲು ಕಂಡಿರಲಿಲ್ಲ.

ಆಗ ಎದ್ದ 'ನೂರಕ್ಕೆ ನೂರು'. ಅದು ನಾನಿಟ್ಟ ಹೆಸರು. ಬಸ್ ನಿಲ್ದಾಣದ ಹಿಂದೆ ಅವನ ಚಿಕಿತ್ಸಾಲಯ. ಬೊಕ್ಕತಲೆಯಿಂದ ಬಾಳಸಂಗಾತಿಯ ಮುನಿಸಿನವರೆಗೆ ಯಾವ ಕಾಯಿಲೆ ಹೇಳಿದರೂ "ನೂರಕ್ಕೆ ನೂರು ಗುಣ" ಎನ್ನುತ್ತಾನೆ, ಒಂದೇ ಪುಡಿ ಕೊಡುತ್ತಾನೆ. ಬಿಳಿ ಅಂಗಿ, ಜೇನಿನಂಥ ಗಂಟಲು. "ವಿಜ್ಞಾನಿಗಳು ಮನಸ್ಸನ್ನ ತೆರೆದಿಡ್ಬೇಕು," ಎಂದ. "ತಮಗೆ ಗೊತ್ತಿಲ್ಲದ್ದನ್ನೆಲ್ಲ ಸುಳ್ಳು ಅನ್ನೋ ಅಹಂಕಾರ ಬಿಡ್ಬೇಕು." ಮತ್ತೆ ಚಪ್ಪಾಳೆ.

"ನಾನು ಸುಳ್ಳು ಅಂದಿಲ್ಲ," ಎಂದಳು ಡಾಕ್ಟರಮ್ಮ. "ನಿಮ್ಮ ಪುಡಿ ಒಂದು ಪೊಟ್ಟಣ ಕೊಡಿ, ಪರೀಕ್ಷೆ ಮಾಡ್ತೀವಿ. ಅದರಲ್ಲಿ ಗುಣ ಇದ್ರೆ ಇದೇ ಹಾಲಲ್ಲಿ ನಿಂತು ನಾನೇ ಹೇಳ್ತೀನಿ."

"ನಂಬಿಕೆ ಇಲ್ಲದವರ ಕೈಲಿ ಅದು ಕೆಲಸ ಮಾಡಲ್ಲಮ್ಮ."

ಅದಕ್ಕೆ ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಬಿತ್ತು. ಪುಡಿಯ ಡಬ್ಬಿಗೆ ಬೀಗ ಹಾಕಿಕೊಂಡು ಬಂದವನು ತೆರೆದ ಮನಸ್ಸಿನ ಬಗ್ಗೆ ಪಾಠ ಹೇಳಿ ಕೂತ. ಪಕ್ಕದಲ್ಲಿ ನಮ್ಮ ಅತ್ತೆಯೂ ಚಪ್ಪಾಳೆ ತಟ್ಟುತ್ತಿರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ನನ್ನ ಮಗಳು ಎದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಪರೀಕ್ಷೆ ಎಂದರೇನು, ಒಂದು ಔಷಧಿಯ ಗುಣ ಗೊತ್ತಾಗಬೇಕಾದರೆ ಅದರ ಜೊತೆ ಇನ್ನೊಂದನ್ನು ಯಾಕೆ ಬೆರೆಸಬಾರದು, ಎಲ್ಲವನ್ನೂ ಗಂಟಲು ನಡುಗದೆ ಹೇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನು ತಟ್ಟಿದೆ. ಈ ಮನೆಯಲ್ಲಿ ನನ್ನ ಪಾಲಿಗೆ ಒಬ್ಬಳಾದರೂ ಇದ್ದಾಳೆ ಎಂದುಕೊಂಡೆ.

ಸಭೆ ಮುಗಿದು ಹೊರಗೆ ಬಂದಾಗ, ಕಾರಿಡಾರಿನ ಕೊನೆಯಲ್ಲಿ ವ್ಯಾಯಾಮಶಾಲೆಯವನು ಡಾಕ್ಟರಮ್ಮನನ್ನು ಅಡ್ಡಹಾಕಿ ನಿಂತಿದ್ದ. ಜಗಳಕ್ಕಿರಬೇಕೆಂದು ಹತ್ತಿರ ಹೋದೆ. ಅವನ ದನಿ ನೆಲಕ್ಕಿಳಿದಿತ್ತು. "ನಮ್ಮನೆಯವಳಿಗೆ ಹೊಟ್ಟೇಲಿದೆ. ಅವಳನ್ನೂ ಸೇರಿಸ್ಕೊಳ್ತೀರಾ?" ಹೊಟ್ಟೆಯದಕ್ಕೆ ಸದ್ಯಕ್ಕೆ ಆಗುವುದಿಲ್ಲ ಎಂದಳು ಅವಳು. ಅವನು ತಲೆಯಾಡಿಸಿ, ಆ ದೊಡ್ಡ ಭುಜಗಳನ್ನು ಹೊತ್ತುಕೊಂಡು ಮೆಟ್ಟಿಲಿಳಿದ. ಅವನ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಅತ್ತೆಯ ತೀರ್ಪು ಚಿಕ್ಕದಿತ್ತು. "ಸತ್ತ ಮೇಲೆ ಮಣ್ಣಿನ ಹುಳ ಹೇಗೂ ಮೈಗೆ ಬರುತ್ತೆ. ಈಗ್ಲೇ ಏನು ಅವಸರ?"

ನಮ್ಮ ಅತ್ತೆಯ ನಾಲಿಗೆಗೆ ಹೆದರಿ ಊರಿನ ಅರ್ಧ ವ್ಯಾಪಾರಿಗಳು ನೆಟ್ಟಗೆ ತೂಗುತ್ತಾರೆ. ನನ್ನ ಗಂಡ ಅವರ ಒಬ್ಬನೇ ಮಗ. ತಾಯಿ ಮಾತಾಡುವಾಗ ಸುಮ್ಮನಿರುವುದನ್ನು ಚಿಕ್ಕಂದಿನಲ್ಲೇ ಕಲಿತು, ಆಮೇಲೆ ಅದನ್ನೇ ಸ್ವಭಾವ ಮಾಡಿಕೊಂಡವನು. ಪ್ರತಿ ಭಾನುವಾರ ಬಿಸ್ಕತ್ತು ಹಿಡಿದು ಬರುವ ನನ್ನ ಅಣ್ಣ ಮೊಬೈಲು ತೆರೆದು, ಇಂಥ ಪ್ರಯೋಗದಿಂದ ಯಾವುದೋ ದೇಶದಲ್ಲಿ ಒಬ್ಬನಿಗೆ ಬಾಲ ಬಂದ ವಿಡಿಯೋ ತೋರಿಸಿದ. ನಾನು ಹಟ ಹಿಡಿದೆ. ಕೊನೆಗೆ ಎಲ್ಲರೂ ಒಪ್ಪಿದರು. ಡಾಕ್ಟರಮ್ಮ ಹಾಕಿದ ಶರತ್ತನ್ನೂ ಹೇಳಿದೆ: ರಕ್ತಪರೀಕ್ಷೆ ಆಗುವವರೆಗೆ ಬೇರೆ ಯಾವ ಮದ್ದೂ ಒಳಗೆ ಹೋಗಕೂಡದು, ಹೋದರೆ ಪ್ರಯೋಗದಲ್ಲಿ ಜಾಗ ಇಲ್ಲ. ನನಗೆ ಇರುವುದು ಇದೊಂದೇ ದಾರಿ, ಎಂದೆ. "ಆಯ್ತಪ್ಪ, ಏನೂ ಕೊಡಲ್ಲ," ಎಂದರು ಎಲ್ಲರೂ. ಎಷ್ಟು ಬೇಗ ಎಂದರೆ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅನುಮಾನ ಬರಲಿಲ್ಲ, ಹಸಿವು ಬಂತು. ಎಷ್ಟೋ ಕಾಲದ ಮೇಲೆ ಗಂಜಿ ಎರಡನೇ ಸಲ ಹಾಕಿಸಿಕೊಂಡೆ. ನಿದ್ದೆ ಹತ್ತಿತು. ತೊಡೆಯ ನೋವು ಅರ್ಧಕ್ಕೆ ಇಳಿಯಿತು, ಕೆನ್ನೆ ತುಂಬಿಕೊಂಡಿತು. ಕೆಳಗಿಳಿದು ಅಂಗಡಿಯಲ್ಲಿ ಕೂತು ಬಟ್ಟು ಉಜ್ಜತೊಡಗಿದೆ. ಬಂದ ಗಿರಾಕಿಗಳಿಗೆಲ್ಲ, "ನೋಡಿ, ನಿಮ್ಮ ಯಾವ ಮದ್ದೂ ತಗೊಳ್ದೆ ಹೇಗಿದೀನಿ!" ಎಂದು ಕೊಚ್ಚಿಕೊಂಡೆ. ಅತ್ತೆ ಆ ಮಾತಿಗೆ ಬೆನ್ನು ಹಾಕಿಕೊಂಡು ಒಲೆ ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ಅಕ್ಕಸಾಲಿಯೊಬ್ಬರ ಬಟ್ಟುಗಳನ್ನು ಪರೀಕ್ಷಿಸಲು ಗಾಜಿನ ಪೆಟ್ಟಿಗೆ ತೆರೆದರೆ, ಸಣ್ಣ ತಕ್ಕಡಿಯ ಮುಳ್ಳು ನಡುವಿನಲ್ಲಿ ನಿಂತಿರಲಿಲ್ಲ. ತಟ್ಟೆಯ ಮೇಲೆ ಹಳದಿಗೆ ತಿರುಗಿದ, ಜಿಡ್ಡುಜಿಡ್ಡಾದ ಒಂದು ಪದರ. ಮೂಸಿದೆ, ಕಹಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಮುಖ ತೊಳೆಯದಿದ್ದರೂ ನಡೆದೀತು, ತಕ್ಕಡಿಯ ತಟ್ಟೆ ಒರೆಸದೆ ಮುಚ್ಚುವಂತಿಲ್ಲ. ಗಂಡನನ್ನು ಕರೆದು ಕೇಳಿದೆ. "ಧೂಳಿರಬೇಕು," ಎಂದ. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ, ಕಹಿಯಾದ ಧೂಳು! ಕೆಲಸದ ಗಡಿಬಿಡಿಯಲ್ಲಿ ಗೊಣಗಿಕೊಂಡು ಒರೆಸಿ ಸುಮ್ಮನಾದೆ.

ಡಾಕ್ಟರಮ್ಮ ರಕ್ತಪರೀಕ್ಷೆಯ ಫಲಿತಾಂಶ ನೋಡಿ ಹಣೆ ಗಂಟಿಕ್ಕಿದಳು. ಲಿವರು ಕೆಟ್ಟಿದೆ, ಇನ್ನೂ ಏನೇನೋ ಏರುಪೇರಾಗಿದೆ, ಗಡ್ಡೆಯಿಂದ ಹೀಗಾಗುವುದಿಲ್ಲ.

"ಬೇರೆ ಏನಾದ್ರೂ ತಗೊಳ್ತಿದೀರಾ?"

"ಏನೂ ಇಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ದಣಿವಿನಿಂದ ಹೇಳಿದಳು. "ಹೀಗಿದ್ರೆ ನಿಮ್ಮನ್ನ ಸೇರಿಸ್ಕೊಳ್ಳೋಕೆ ಆಗಲ್ಲ."

ನಾನು ಸುಳ್ಳಿ ಅನ್ನಿಸಿಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತಾಗ ಆ ತಟ್ಟೆಯ ಕಹಿ ಮೂಗಿಗೆ ಮತ್ತೆ ಬಂದಂತಾಯಿತು. ನೇರವಾಗಿ ಕೇಳಿದರೆ ಇವರು ಬಾಯಿ ಬಿಡುವವರಲ್ಲ. ಅತ್ತೆಯನ್ನು ಬೈದರೆ ಅಳುತ್ತಾರೆ, ಗಂಡನನ್ನು ಬೈದರೆ ಅವನು ಕೆಳಗೆ ಹೋಗಿ ಏನಾದರೂ ಬಿಚ್ಚಿ ಕೂರುತ್ತಾನೆ. ಆದರೆ ಈ ಮನೆಯವರ ಒಂದು ಗುಣ ನನಗೆ ಚೆನ್ನಾಗಿ ಗೊತ್ತು. ತಪ್ಪಾದರೆ ಯಾರೂ ಮಾಡಿಲ್ಲ. ಒಳ್ಳೆಯದಾದರೆ ಎಲ್ಲರೂ ಮಾಡಿದವರೇ.

ಮರುದಿನ ಭಾನುವಾರ. ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು, ಅಣ್ಣನೂ ಬಂದಿದ್ದ. ಮುಖ ಅರಳಿಸಿಕೊಂಡು ಹೇಳಿದೆ, "ಡಾಕ್ಟರಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ! ಗಡ್ಡೆ ಕರಗ್ತಾ ಇದೆಯಂತೆ. ಏನು ತಗೊಂಡ್ರಿ, ದಯವಿಟ್ಟು ಹೇಳಿ, ಬೇರೆಯವರಿಗೂ ಕೊಡ್ಬೇಕು ಅಂದ್ರು. ನನಗೇನು ಗೊತ್ತು, ನಾನೇನೂ ತಗೊಂಡಿಲ್ವಲ್ಲ!"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನು ಹೇಳ್ಬಾರ್ದು ಅಂತಿದ್ದೆ," ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ಮೊಮ್ಮಗಳು ಹುಟ್ಟಿದಾಗಲೂ ಕಂಡಿರಲಿಲ್ಲ. "ದಿನಾ ಗಂಜಿಗೆ ಆ ಬಸ್ ನಿಲ್ದಾಣದ ಹಿಂದಿನವರ ಪುಡಿ. ಚಿಟಿಕೆಯಷ್ಟೇ ಹಾಕಿದ್ದು."

"ಗಂಜಿಯಿಂದಲ್ಲ ಅದು," ಎಂದ ನನ್ನ ಗಂಡ. ತಾಯಿಯ ಮಾತಿಗೆ ಅವನು ಎದುರಾಡಿದ್ದು ನಾನು ಕಂಡಂತೆ ಅದೇ ಮೊದಲು. "ಕುಡಿಯೋ ನೀರಿಗೆ ನಾನು ಕ್ಷಾರದ ಹನಿ ಹಾಕ್ತಿದ್ದೆ. ರಕ್ತದ ಹುಳಿ ಹೋದ್ರೆ ಗಡ್ಡೆ ತಾನಾಗೇ ಕರಗುತ್ತೆ."

ಅಣ್ಣನಿಗೆ ತಡೆಯಲಾಗಲಿಲ್ಲ. "ಭಾವ, ನಾನು ತಂದ ಬಿಸ್ಕತ್ತು ಏನಂದ್ಕೊಂಡ್ರಿ? ಕಹಿ ಬೀಜ ಅರೆದು ಹಾಕಿಸಿದ್ದು! ದೊಡ್ಡ ದೊಡ್ಡ ಕಂಪನಿಗಳು ಮುಚ್ಚಿಟ್ಟಿರೋ ಮದ್ದು ಅದು."

ಮೂವರೂ ಒಬ್ಬರ ಮಾತನ್ನೊಬ್ಬರು ನುಂಗಿಕೊಂಡು ವಾದಿಸತೊಡಗಿದರು. ನಾನು ಮಗಳ ಕಡೆ ತಿರುಗಿದೆ, ಇವರನ್ನೆಲ್ಲ ನೋಡಿ ಇಬ್ಬರೂ ನಗೋಣ ಎಂದು. ಅವಳು ತಟ್ಟೆ ನೋಡುತ್ತಿದ್ದಳು.

"ನನ್ನದು ಬೇರೆ ಅಮ್ಮ," ಎಂದಳು. "ಅಣಬೆ ಸಾರದ ಕ್ಯಾಪ್ಸೂಲು. ಬಿಚ್ಚಿ ಹಣ್ಣಿನ ರಸಕ್ಕೆ ಹಾಕ್ತಿದ್ದೆ. ಅದರ ಬಗ್ಗೆ ಸಂಶೋಧನೆ ಆಗಿದೆ. ಇಲಿಗಳಲ್ಲಿ ಕೆಲಸ ಮಾಡಿದೆ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

ನಾನು ಎಲ್ಲರಿಗೂ ನಿಜ ಹೇಳಿದೆ. ಗಡ್ಡೆ ಕರಗಿಲ್ಲ, ಲಿವರು ಕೆಟ್ಟಿದೆ, ಪ್ರಯೋಗದಲ್ಲಿ ನನಗೆ ಜಾಗ ಇಲ್ಲ. ಗೆದ್ದವರ ಮುಖಗಳೆಲ್ಲ ಹುಳ್ಳಗಾದವು. ಬಾಯಿಗೆ ಬಂದದ್ದೆಲ್ಲ ಅಂದೆ. ಕೊಲೆಗಾರರು ಅಂದೆ, ಕಳ್ಳರು ಅಂದೆ, ವಿಷ ಹಾಕಬೇಕಿದ್ದರೆ ಒಂದೇ ಸಲ ಹಾಕಬಾರದಿತ್ತೇ ಅಂದೆ.

"ನಾವೇನು ಕಣ್ಣಳತೆಗೆ ಹಾಕಿದ್ವಾ?" ಗಂಡ ಮೆಲ್ಲಗೆ ಅಂದ. "ಸಣ್ಣ ತಕ್ಕಡಿಯಲ್ಲೇ ತೂಗಿದ್ದು. ಬಾಟಲಿ ಮೇಲೆ ಬರೆದದ್ದಕ್ಕಿಂತ ಕಡಿಮೆಯೇ."

"ನಾನೂ ಅದರಲ್ಲೇ ತೂಗಿದ್ದು," ಎಂದರು ಅತ್ತೆ. ಮಗಳೂ ತಲೆಯಾಡಿಸಿದಳು. ಅಣ್ಣ ಕೂಡ, ಬೀಜ ಅರೆಸುವ ಮೊದಲು ನಮ್ಮ ಅಂಗಡಿಗೇ ಬಂದು ತೂಗಿಸಿಕೊಂಡು ಹೋಗಿದ್ದನಂತೆ.

ಬೇರೆ ಯಾವ ಮನೆಯಲ್ಲಾದರೂ ಸೌಟಿನಲ್ಲಿ ಸುರಿಯುತ್ತಿದ್ದರು, ಒಂದೇ ತುತ್ತಿಗೆ ನಾನು ಉಗುಳುತ್ತಿದ್ದೆ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮದು ತಕ್ಕಡಿಯವರ ಮನೆ. ನಾಲಿಗೆಗೆ ತಿಳಿಯದಷ್ಟು, ಅಪಾಯದ ಗೆರೆಗಿಂತ ಒಂದು ಕೂದಲು ಕೆಳಗೆ, ನಾಲ್ಕು ಜನ ನಾಲ್ಕು ಕಡೆಯಿಂದ ನಿಖರವಾಗಿ ತೂಗಿ ಹಾಕಿದ್ದರು. ಕೂಡುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ, ಯಾಕೆಂದರೆ ಇನ್ನೊಬ್ಬರು ಹಾಕುತ್ತಿರುವುದು ಯಾರಿಗೂ ಗೊತ್ತಿರಲಿಲ್ಲ.

ಎಲ್ಲರೂ ಎದ್ದುಹೋದ ಮೇಲೆ ಮಗಳು ಉಳಿದಳು.

"ನೀನಾದ್ರೂ?" ಎಂದೆ. "ಆ ಸಭೇಲಿ ನಿಂತು ಅಷ್ಟೆಲ್ಲ ಹೇಳಿದವಳು?"

"ನೀನೇ ಹೇಳ್ದಲ್ಲ ಅಮ್ಮ, ಡಾಕ್ಟರಿಗೇ ಗೊತ್ತಿಲ್ಲ ಅಂತ." ಅವಳ ಕಣ್ಣು ತುಂಬಿತ್ತು. "ಅದು ನಿನಗೆ ಇಷ್ಟವಾಯ್ತು. ನಂಗೆ ಆ ಮಾತು ಕೇಳಿದಾಗಿಂದ ನಿದ್ದೆ ಬರಲಿಲ್ಲ. ಸುಮ್ನೆ ಕೂತಿರೋಕೆ ನನ್ನಿಂದ ಆಗಲಿಲ್ಲ."

ಅವಳನ್ನು ಇನ್ನಷ್ಟು ಬೈಯಬೇಕೆಂದಿದ್ದೆ. ತಲೆ ಸವರಿ, ಮಲಗು ಹೋಗು ಎಂದೆ. ಅತ್ತೆಯ ಮೇಲೆ ಬಂದ ಸಿಟ್ಟು ಸಿಟ್ಟೇ, ಇವಳ ಮೇಲೆ ಬಂದದ್ದು ನೋವು.

ಮರುದಿನ ನಾಲ್ಕೂ ಮದ್ದುಗಳನ್ನು ಚೀಲದಲ್ಲಿ ಹಾಕಿಕೊಂಡು, ಅತ್ತೆಯನ್ನು ಮುಂದಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಅವರಿಗೆ ಚೆನ್ನಾಗಿ ಮಂಗಳಾರತಿ ಎತ್ತಲಿ ಎಂಬುದು ನನ್ನ ಆಸೆ. ಅವಳು ಪೆಟ್ಟಿಗೆಗಳನ್ನು ನೆಲಕ್ಕಿಳಿಸಿ ಅತ್ತೆಯನ್ನು ಕೂರಿಸಿದಳು. ಎಷ್ಟು ಹಾಕುತ್ತಿದ್ದಿರಿ, ಗಂಜಿ ಬಿಸಿ ಇದ್ದಾಗಲೋ ಆರಿದ ಮೇಲೋ, ಹಾಕಲು ಶುರುಮಾಡಿದ ಎಷ್ಟು ದಿನಕ್ಕೆ ಹಸಿವು ಬಂತು, ನಿದ್ದೆ ಯಾವಾಗ, ನೋವು ಯಾವಾಗ ಇಳಿಯಿತು, ಹೀಗೆ ಒಂದೊಂದಾಗಿ ಕೇಳಿದಳು. ಮೊದಲು ಬಿಗಿದುಕೊಂಡಿದ್ದ ಅತ್ತೆ ಆಮೇಲೆ ಕಟ್ಟೆಯೊಡೆದಂತೆ ಹೇಳಿದರು. ನಾನೇ ಗಮನಿಸದ ನನ್ನ ಎಷ್ಟೋ ಸಂಗತಿಗಳು ಅವರಿಗೆ ಗೊತ್ತಿದ್ದವು. ನಿದ್ದೆಯಲ್ಲಿ ನಾನು ಯಾವ ಮಗ್ಗುಲಿಗೆ ನರಳುತ್ತೇನೆ ಎಂಬುದು ಕೂಡ.

"ನೀವು ಇದನ್ನ ಕಸದ ಬುಟ್ಟಿಗೆ ಹಾಕಲ್ವಾ?" ಕೊನೆಗೆ ಅತ್ತೆ ಪುಡಿಯ ಪೊಟ್ಟಣ ತೋರಿಸಿ ಕೇಳಿದರು.

"ಇಲ್ಲಮ್ಮ. ಇದರಿಂದ ಏನೋ ಆಗಿದೆ. ಏನು ಅಂತ ನೋಡ್ಬೇಕಲ್ವಾ?"

ಇಡೀ ಊರಿನಲ್ಲಿ ಆ ಪುಡಿಯನ್ನು ತೆರೆದ ಮನಸ್ಸಿನಿಂದ ನೋಡಿದವಳು ಅವಳೊಬ್ಬಳೇ ಇರಬೇಕು. ನೋಡಿದ್ದರಿಂದ ತಿಳಿದದ್ದು ಇಷ್ಟು: ಅದರಲ್ಲಿ ಸೊಪ್ಪು ಇತ್ತು, ಅರಿಶಿನ ಇತ್ತು, ಔಷಧಿ ಅಂಗಡಿಯ ಸ್ಟೀರಾಯ್ಡ್ ಮಾತ್ರೆಯನ್ನು ನುಣ್ಣಗೆ ಅರೆದ ಹಿಟ್ಟೂ ಇತ್ತು. ನನ್ನ ಹಸಿವು, ನಿದ್ದೆ, ತುಂಬಿದ ಕೆನ್ನೆ, ಎಲ್ಲ ಅದರ ಕೃಪೆ. ಲಿವರಿನ ಲೆಕ್ಕ ಬೀಜ ಮತ್ತು ಅಣಬೆಯ ಪಾಲಿಗೆ ಹೋಯಿತು. ಗಂಡನ ಹನಿಯಿಂದ ಏನೂ ಆಗಿರಲಿಲ್ಲ, ಸುಮ್ಮನಿರುವ ಅವನ ಸ್ವಭಾವವೇ ಆ ಹನಿಗಳಿಗೂ ಬಂದಿತ್ತು.

"ನಾವು ಕಾವಲುಗಾರನನ್ನ ಎಬ್ಬಿಸ್ಬೇಕು ಅಂತಿದೀವಿ," ಎಂದಳು ಡಾಕ್ಟರಮ್ಮ. "ಈ ಪುಡಿ ಅವನಿಗೆ ಲಾಲಿ ಹಾಡ್ತಿದೆ. ತಟ್ಟಂತ ನಿಲ್ಲಿಸೋ ಹಾಗಿಲ್ಲ, ಸ್ವಲ್ಪ ಸ್ವಲ್ಪ ಇಳಿಸ್ಬೇಕು. ಇಳಿಸುವಾಗ ಕಷ್ಟ ಆಗುತ್ತೆ. ನಾವು ಹೆಸರು ಸೇರಿಸ್ಕೊಳ್ಳೋ ಬಾಗಿಲು ಮುಚ್ಚೋದ್ರೊಳಗೆ ರಕ್ತ ಸರಿಹೋದ್ರೆ ನಿಮಗೆ ಜಾಗ ಇದೆ. ಇಲ್ದಿದ್ರೆ ಇಲ್ಲ."

ಕಷ್ಟ ಎಂಬ ಮಾತನ್ನು ಡಾಕ್ಟರುಗಳು ಬಹಳ ಕಂಜೂಸಿಯಿಂದ ಬಳಸುತ್ತಾರೆ. ಪುಡಿ ಇಳಿದಂತೆ ನನ್ನ ನಿಜವಾದ ಮೈ ಹೊರಗೆ ಬಂತು. ಕೀಲುಕೀಲೂ ಹಿಡಿದುಕೊಂಡಿತು. ಗಂಜಿಯ ವಾಸನೆಗೇ ಹೊಟ್ಟೆ ತೊಳಸಿತು. ತೊಡೆ ಹಗಲೂ ರಾತ್ರಿ ಸಿಡಿಯಿತು. ಅಂಗಡಿಯ ಮೆಟ್ಟಿಲು ಇಳಿಯುವುದಿರಲಿ, ಮಂಚದಿಂದ ಕಾಲಿಳಿಸುವುದೇ ದೊಡ್ಡ ಕೆಲಸವಾಯಿತು. ಎಲ್ಲಕ್ಕಿಂತ ಹಿಂಸೆಯೆಂದರೆ, ಇದನ್ನೆಲ್ಲ ನಿಲ್ಲಿಸುವ ಮದ್ದು ಬಸ್ ನಿಲ್ದಾಣದ ಹಿಂದೆಯೇ ಇದೆ ಎಂದು ನನಗೆ ಗೊತ್ತಿತ್ತು. ಬೈದುಕೊಂಡೇ ಅದನ್ನು ಬಯಸುತ್ತಿದ್ದೆ. ಈಗ ನನಗೆ ಬೇಕಾಗಿದ್ದದ್ದು ಸುಳ್ಳಾದರೂ ಆ ಹಸಿವು, ಆ ನಿದ್ದೆ.

ಮನೆಯವರ ಪಾಡು ನನಗಿಂತ ಕಡೆ. ಅವರಿಗೆ ಮಾಡಲು ಏನೂ ಇರಲಿಲ್ಲ. ಗಂಡ ಸರಿಯಾಗಿದ್ದ ತಕ್ಕಡಿಗಳನ್ನೂ ಬಿಚ್ಚಿ ಜೋಡಿಸಿದ. ಅಣ್ಣ ಭಾನುವಾರ ಬರಿಗೈಯಲ್ಲಿ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಬೈಲನ್ನು ಆ ಜೇಬಿನಿಂದ ಈ ಜೇಬಿಗೆ ಹಾಕಿದ. ಮಗಳು ನನ್ನ ಕಾಲು ಒತ್ತುತ್ತ ಕೂತಳು. ಅತ್ತೆ ಗಂಜಿ ತಂದರೆ ಮೊದಲು ಒಂದು ಚಮಚ ತಾವೇ ಕುಡಿದು ತೋರಿಸುತ್ತಿದ್ದರು, ನಾನು ಕೇಳದಿದ್ದರೂ.

ಆ ದಿನಗಳಲ್ಲೇ ನೂರಕ್ಕೆ ನೂರು ನಮ್ಮ ಅಂಗಡಿಗೆ ಬಂದ. ಪುಡಿ ತೂಗುವ ಅವನ ತಕ್ಕಡಿ ಕೆಟ್ಟಿತ್ತಂತೆ. ಗಂಡ ಅದನ್ನು ನೋಡುತ್ತಿರುವಾಗ, ರೋಗಿಯನ್ನು ಕಂಡುಹೋಗುವ ನೆವದಿಂದ ಮೇಲೆ ಹತ್ತಿ ಬಂದು ನನ್ನ ಮಂಚದ ಪಕ್ಕ ನಿಂತ.

"ಎಷ್ಟು ಚೆನ್ನಾಗಿದ್ರಿ ತಾಯಿ," ಎಂದ, ಆ ಜೇನಿನ ಗಂಟಲಿನಲ್ಲಿ. "ಊರೆಲ್ಲ ನೋಡಿದೆ. ಈಗ ಯಾರು ಹೀಗೆ ಮಾಡಿದ್ದು? ನೀವೇ ಯೋಚನೆ ಮಾಡಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಅದರ ಮೋಸ. ಚೆನ್ನಾಗಿದ್ದೆ, ಈಗ ಇಲ್ಲ. ಜಗಳವಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ, ಅವನ ಜೇಬಿನಲ್ಲಿ ಒಂದು ಪೊಟ್ಟಣ ಇದ್ದೀತೇ ಎಂದು ನನ್ನ ಕಣ್ಣು ಹುಡುಕುತ್ತಿತ್ತು. ಅವನು ಜೇಬಿಗೆ ಕೈ ಹಾಕಿಯೂ ಹಾಕಿದ. ಪೊಟ್ಟಣವನ್ನು ನನಗೆ ಕೊಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ಚಾಚಿದ. ಯಾರನ್ನು ಹಿಡಿಯಬೇಕೆಂದು ಚೆನ್ನಾಗಿ ಬಲ್ಲವನು.

"ಇದರೊಳಗೆ ಏನೇನಿದೆ?" ಎಂದರು ಅತ್ತೆ.

"ಅದು ಮನೆತನದ ಗುಟ್ಟು ತಾಯಿ. ನಂಬಿಕೆ ಮುಖ್ಯ."

"ಆ ಹುಡುಗಿ ಹೇಳಿದ್ಲು," ಅತ್ತೆಯ ದನಿ ಏರಲಿಲ್ಲ. "ತನ್ನ ಸೂಜಿಯೊಳಗೆ ಮಣ್ಣಿನ ಹುಳ ಇದೆ ಅಂತ. ಹೇಳಿದ್ರೆ ಜನ ಛೀ ಅಂತಾರೆ ಅಂತ ಗೊತ್ತಿದ್ರೂ ಹೇಳಿದ್ಲು. ನೀನು ನಾಲ್ಕಾಣೆ ಮಾತ್ರೆ ಅರೆದು ಹಾಕಿ ಗುಟ್ಟು ಅಂತೀಯ. ನನ್ನ ಕೈಯಿಂದಲೇ ನನ್ನ ಸೊಸೆಗೆ ತಿನ್ನಿಸ್ದೆಯಲ್ಲೋ!"

ಆಮೇಲೆ ದನಿ ಏರಿತು. ಆ ಮನುಷ್ಯ ಮೆಟ್ಟಿಲು ಇಳಿದನೋ ಉರುಳಿದನೋ ನನಗೆ ಮಂಚದಿಂದ ಕಾಣಲಿಲ್ಲ, ಸದ್ದು ಮಾತ್ರ ಕೇಳಿತು. ಅವನ ತಕ್ಕಡಿ ಇಂದಿಗೂ ನಮ್ಮ ಅಂಗಡಿಯಲ್ಲೇ ಇದೆ. ಅವನ ಚಿಕಿತ್ಸಾಲಯದ ಮುಂದಿನ ಸಾಲು ಮಾತ್ರ ಒಂದು ತಲೆಯಷ್ಟೂ ಕಡಿಮೆಯಾಗಿಲ್ಲ ಎಂದು ಹಾಲಿನವನು ಹೇಳುತ್ತಾನೆ.

ಬಾಗಿಲು ಮುಚ್ಚುವ ಮೊದಲು ನನ್ನ ರಕ್ತ ಸರಿಹೋಯಿತು, ಅಂತೂ ಇಂತೂ. ಆಸ್ಪತ್ರೆಗೆ ಮನೆಮಂದಿಯೆಲ್ಲ ಹೊರಟರು. ಬಿಳಿ ಕೋಣೆ, ಎತ್ತರದ ಮಂಚ, ಟ್ರೇಯಲ್ಲಿ ಒಂದು ಸಣ್ಣ ಸೂಜಿ. ಇಡೀ ಊರನ್ನು ಹೆದರಿಸಿದ ಕ್ರಿಮಿ ಅದರೊಳಗೆ ಒಂದು ಹನಿ ನೀರಿನಂತೆ ಇತ್ತು. ಅಷ್ಟು ಅಳತೆಗೆ ನಮ್ಮ ಸಣ್ಣ ತಕ್ಕಡಿಯೂ ಅಲುಗಲಿಕ್ಕಿಲ್ಲ ಎಂದು ನನ್ನ ಗಂಡ ಪಿಸುಗುಟ್ಟಿದ. ಒಬ್ಬರನ್ನು ಬಿಟ್ಟು ಉಳಿದವರು ಹೊರಗೆ ನಿಲ್ಲಿ ಎಂದರು. ಗಂಡ, ಮಗಳು, ಅಣ್ಣ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅತ್ತೆ ಒಳಗೆ ಬಂದು ನನ್ನ ಎಡಗಡೆ ನಿಂತಾಗಿತ್ತು.

ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಸೂಜಿ ಎತ್ತಿದಳು. ತುದಿ ಸಣ್ಣಗೆ ನಡುಗುತ್ತಿತ್ತು. ಮುಳ್ಳಿನ ನಡುಕ ನೋಡಿಯೇ ಬಾಳು ಕಳೆದವಳು ನಾನು, ನನ್ನ ಕಣ್ಣು ತಪ್ಪಿಸಲು ಸಾಧ್ಯವೇ?

"ಏನಮ್ಮ, ಇದೇ ಮೊದಲ ಸಲವೇ?"

ಅವಳು ಸುಳ್ಳು ಹೇಳಬಹುದಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರು.

"ಮನುಷ್ಯರಿಗೆ ಇದೇ ಮೊದಲು," ಎಂದಳು.

ಅತ್ತೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ನನಗೂ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಬದುಕಬೇಕು ಎಂಬ ಆಸೆ ಅಷ್ಟು ಬೆತ್ತಲೆಯಾಗಿ ನನಗೆ ಎಂದೂ ಕಂಡಿರಲಿಲ್ಲ.

"ನನಗೂ ಸಾಯೋದು ಇದೇ ಮೊದಲು," ಎಂದೆ. "ಇಬ್ಬರಿಗೂ ಅಭ್ಯಾಸ ಇಲ್ಲ. ನಿಧಾನಕ್ಕೆ ಮಾಡಿ."

ಅವಳು ನಕ್ಕಳು. ಕಣ್ಣೊರೆಸಿಕೊಳ್ಳಲು ಕೈಗವಸು ಅಡ್ಡ ಬಂತು, ಭುಜಕ್ಕೆ ಒರೆಸಿಕೊಂಡಳು. ಆಮೇಲೆ ಅವಳ ಕೈ ನಿಂತಿತು. ಸೂಜಿ ಒಳಗೆ ಹೋಗುವಾಗ ಅತ್ತೆ ಮಂಚದ ಅಂಚಿನಿಂದ ತಮ್ಮ ಮುಷ್ಟಿಯನ್ನು ನನ್ನ ಕೈಯ ಹತ್ತಿರ ತಂದರು. ಅಭ್ಯಾಸಬಲ, ಪೊಟ್ಟಣವಿದೆಯೇನೋ ಎಂದು ಅವರ ಬೆರಳು ಬಿಡಿಸಿ ನೋಡಿದೆ. ಅದರೊಳಗೆ ಏನೂ ಇರಲಿಲ್ಲ. ಬೆವರಿತ್ತು ಅಷ್ಟೇ, ಹಿಡಿದುಕೊಂಡೆ.